ತೋರಿಸಿದ ಎಲೆ ಎಲ್ಲಿತ್ತು

ಕಂತು ಒಂಬತ್ತು

ಹೌದು ಎಂದು ತಾನು ಹೇಳಿದ್ದೇಕೆ?

ಬೆಳಿಗ್ಗೆ ಹಲ್ಲುಜ್ಜುವಾಗ ಸೆಗಾವಾನೊಳಗೆ ಎದ್ದ ಈ ಪ್ರಶ್ನೆ ಮಧ್ಯಾಹ್ನ ಎರಡಾದರೂ ಅವನನ್ನು ಬಿಟ್ಟಿರಲಿಲ್ಲ. ನಿಯಮ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆಟದ ಎಲೆಯ ಮೇಲೆ ಅಚ್ಚಾಗಿದ್ದ ಸಾಲನ್ನು ಓದಲಿಲ್ಲವೇ? ಓದಿದ್ದ. ಹದಿನಾರು ವರ್ಷ ಇಸ್ಪೀಟಿನಂಥ ಈ ಎಲೆಯಾಟಕ್ಕೆ ತೀರ್ಪುಗಾರನಾಗಿ ನಿಂತವನ ಬಾಯಿಂದ ಬರಬಾರದ ಉತ್ತರ ಅದು. ಬಂದಿತ್ತು. ಹನ್ನೊಂದು ದಿನ ಅದು ಸರಿಯೆಂದು ನಂಬಿಯೂ ಇದ್ದ. ನಂಬಿದ್ದನೋ, ನಂಬಲು ಬಯಸಿದ್ದನೋ, ಆ ಎರಡರ ನಡುವಿನ ಗೆರೆ ಈಗ ಅವನಿಗೆ ಕಾಣುತ್ತಿರಲಿಲ್ಲ.

ಹನ್ನೊಂದು ದಿನದ ಹಿಂದೆ, ಎಲೆ ಮಾರುವ ಅಂಗಡಿಗೆ ಮೂವತ್ತು ವರ್ಷ ತುಂಬಿದ ದಿನ ಅಂಗಡಿಯ ಎಲೆಗಳಿಂದಲೇ ಆಡಿದ ಆಟದಲ್ಲಿ, ‘ಮರಳಿದ ಕೊಕ್ಕರೆ’ ಎಂಬ ಎಲೆ ಕಾಣೆಯಾಗಿತ್ತು.

"ಏನಯ್ಯಾ ತೀರ್ಪುಗಾರ, ಆ ಫೋಟೋನ ಹಾಗೇ ದುರುಗುಟ್ಟಿ ನೋಡ್ತಿದ್ರೆ ಕೊಕ್ಕರೆ ಹಾರಿ ಬರುತ್ತಾ?"

ಕೇಳಿದ್ದು ಅಂಗಡಿಯ ಯಜಮಾನ ಉಕಿತಾ. ನಿಪ್ಪೊನ್‌ಬಾಶಿಯ ಮಂದಿ ಅವನನ್ನು ತೈಶೋ, ಅಂದರೆ ಯಜಮಾನ, ಎಂದೇ ಕರೆಯುತ್ತಾರೆ. ಎಪ್ಪತ್ತು ದಾಟಿದೆ, ಕಣ್ಣು ಮಂಜಾಗಿದೆ, ನಾಲಿಗೆ ಮಾತ್ರ ಮಂಜಾಗಿಲ್ಲ. ಬುಧವಾರ ಅಂಗಡಿಗೆ ರಜೆ. ಗಾಜಿನ ಕಪಾಟುಗಳ ಮೇಲೆ ಬಟ್ಟೆ ಹೊದಿಸಿ, ಅವನು ಗಲ್ಲೆಯ ಹಿಂದೆ ಕೂತು ತಕೊಯಾಕಿ ಎಂಬ ಬಿಸಿ ಹಿಟ್ಟಿನುಂಡೆಗಳನ್ನು ಕಡ್ಡಿಯಿಂದ ಚುಚ್ಚಿ ಚುಚ್ಚಿ ತಿನ್ನುತ್ತಿದ್ದ.

"ಆಟ ಮುಗಿದಾಗ ತೆಗೆದ ಫೋಟೋ ಇದು. ಕೊಕ್ಕರೆ ತೋರಿಸಿದ ಹಿವಾತರಿ ಕೈಯಲ್ಲಿ ನಾಲ್ಕು ಎಲೆ ಇದೆ," ಎಂದ ಸೆಗಾವಾ.

"ಅದನ್ನೇ ತಾನೇ ನಾನು ಮೊದಲ ದಿನದಿಂದ ಬಡ್ಕೊಳ್ತಿರೋದು? ಐದಿತ್ತು. ಕೊಕ್ಕರೆ ಬಂತು, ಆರಾಯ್ತು. ನೀನು ಒಂದು ಎಸಿ ಅಂದೆ, ಎಸೆದ. ಐದು ಉಳೀಬೇಕು. ಫೋಟೋದಲ್ಲಿ ನಾಲ್ಕು. ಒಂದು ಎಲ್ಲಿ? ಅವನ ಅಂಗಿ ತೋಳಿನೊಳಗೆ."

"ತೋಳು, ಚೀಲ, ಬೂಟು ಎಲ್ಲಾ ಬಿಚ್ಚಿಸಿ ನೋಡಿದ್ದೀರಿ."

"ಸಿಕ್ಕಲಿಲ್ಲ ಅಂದ್ರೆ ಕದ್ದಿಲ್ಲ ಅಂತಲ್ಲ, ಚೆನ್ನಾಗಿ ಕದ್ದಿದ್ದಾನೆ ಅಂತ." ಉಕಿತಾ ಬಾಯಿ ಒರೆಸಿಕೊಂಡ. "ಐದು ಗಂಟೆಗೆ ಪೊಲೀಸ್ ಚೌಕಿಗೆ ಹೋಗ್ತೀನಿ ಅಂದಿದ್ದೀನಿ. ಅವನ ಹೆಸರು ಬರೆದೇ ಕೊಡ್ತೀನಿ. ನೀನು ಹುಡುಕ್ತೀನಿ ಅಂದೆ, ಸುಮ್ಮನಿದ್ದೆ. ಇನ್ನು ಮೂರು ಗಂಟೆ ಇದೆ."

ಸೆಗಾವಾ ಕೋಟಿನ ಒಳಜೇಬಿನಿಂದ ನಿಯಮಪುಸ್ತಕವನ್ನು ತೆಗೆದ. ಮೊದಲ ಮುದ್ರಣದ್ದು. ಬೆನ್ನಿಗೆ ಮೂರು ಸಲ ಅಂಟುಪಟ್ಟಿ ಹಚ್ಚಿದ್ದ. ಅದನ್ನು ಅವನು ಯಾರ ಕೈಗೂ ಕೊಡುವುದಿಲ್ಲ. ತಾನೂ ಅದರ ಹಿಂಬದಿಯ ಪುಟಗಳವರೆಗೆ ಹೋಗುವುದಿಲ್ಲ.

"ತೆಗೆದನಪ್ಪಾ ಹೆಂಡತೀನ," ಎಂದ ಉಕಿತಾ.

ನಲವತ್ತೊಂದನೆಯ ನಿಯಮ ಐದೇ ಸಾಲಿನದು. ‘ತೋರಿಸು’ ಎಂದರೆ ತೋರಿಸುವುದು ಮಾತ್ರ. ತೋರಿಸಿದ ಎಲೆ ಇದ್ದ ಜಾಗದಲ್ಲೇ ಇರುತ್ತದೆ. ಎಲ್ಲರಿಗೂ ಕಾಣುತ್ತದೆ, ಆದರೆ ಎಲ್ಲಿಗೂ ಹೋಗಿರುವುದಿಲ್ಲ. ಕೆಲಸ ಮುಗಿದ ಮೇಲೆ ಅದನ್ನು ಮಗುಚಿ ಅಲ್ಲೇ ಇಡಬೇಕು. ‘ಕೈಗೆ ತೆಗೆದುಕೋ’ ಎಂದು ಬೇರೆಯಾಗಿ ಬರೆದಿದ್ದರೆ ಮಾತ್ರ ಅದು ಕೈಗೆ ಬರುತ್ತದೆ.

ಅಂದು ಹಿವಾತರಿ ಇಳಿಸಿದ್ದು ‘ದೀಪದ ಕಾವಲುಗಾರ’ ಎಂಬ ಎಲೆಯನ್ನು. ಅದರ ಮೇಲಿನ ಸಾಲು: ನಿನ್ನ ಕಟ್ಟಿನ ಮೇಲಿನ ಎಲೆಯನ್ನು ತೋರಿಸು, ಅದು ಹಕ್ಕಿಯಾದರೆ ಎರಡು ದೀಪ ಹಚ್ಚು. ಅಷ್ಟೇ. ಅವನು ಮೇಲಿನ ಎಲೆಯನ್ನು ತಿರುಗಿಸಿದ. ಕೊಕ್ಕರೆ. ಎದುರಿಗೆ ಕೂತಿದ್ದ ಚಿಗುಸಾಳ ಮುಂದೆ ‘ಒಡೆದ ಬುಟ್ಟಿ’ ಇತ್ತು: ಎದುರಾಳಿಯ ಕೈಯಲ್ಲಿ ಐದಕ್ಕಿಂತ ಹೆಚ್ಚು ಎಲೆಯಾದ ಕೂಡಲೇ ಅವನು ಒಂದನ್ನು ಎಸೆಯಬೇಕು.

ಚಿಗುಸಾ ಕೈ ಎತ್ತಿ ತೀರ್ಪು ಕೇಳಿದ್ದಳು. "ತೋರಿಸಿದ ಎಲೆ ಈಗ ಅವರ ಕೈಯ ಲೆಕ್ಕಕ್ಕೆ ಬರುತ್ತಾ?"

ಸೆಗಾವಾ ಅವಳ ಮುಖ ನೋಡಿದ್ದ. ಎಲೆಯನ್ನು ನೋಡಿರಲಿಲ್ಲ. "ಹೌದು," ಎಂದಿದ್ದ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಹಿವಾತರಿ ಪಾರ್ಸೆಲ್ ಕಂಪನಿಯ ಸಮವಸ್ತ್ರದಲ್ಲೇ ಬಂದಿದ್ದ. ಇಪ್ಪತ್ತೆಂಟು ವರ್ಷ, ಅಗಲ ಭುಜ, ಬಾಗಿಲಲ್ಲಿ ನಿಂತರೆ ಬೆಳಕು ನಿಲ್ಲುತ್ತದೆ. ಟೋಪಿ ತೆಗೆದು ಉಕಿತಾನಿಗೆ ಆಳವಾಗಿ ಬಾಗಿದ. ಉಕಿತಾ ಇನ್ನೊಂದು ಉಂಡೆ ಚುಚ್ಚಿದ.

"ಅರ್ಧ ಗಂಟೆ ಬಿಡುವು ಕೇಳಿ ಬಂದಿದ್ದೀನಿ ಸೆಗಾವಾ-ಸಾನ್."

"ಕೂತ್ಕೋ. ಮಾತು ಬೇಡ. ಆವತ್ತು ನಿನ್ನ ಕೈ ಏನು ಮಾಡ್ತೋ ಅದನ್ನೇ ಮಾಡಲಿ."

ಸೆಗಾವಾ ಯಾವುದೋ ಹಳೆಯ ಕಟ್ಟನ್ನು ಅವನ ಮುಂದಿಟ್ಟ. ಐದು ಎಲೆ ಕೈಗೆ ಕೊಟ್ಟ. ಎದುರಿಗೆ ಚಿಗುಸಾಳ ಜಾಗದಲ್ಲಿ ತಾನು ಕೂತ.

ಹಿವಾತರಿ ಮೇಲಿನ ಎಲೆಯನ್ನು ತಿರುಗಿಸಿದ.

"ತೀರ್ಪು," ಎಂದ ಸೆಗಾವಾ. ಸ್ವಲ್ಪ ತಡೆದು, ತಾನೇ ಉತ್ತರ ಕೊಟ್ಟ. "ಹೌದು. ಕೈಯ ಲೆಕ್ಕ."

ಹಿವಾತರಿ ಕೈಯಿಂದ ಒಂದನ್ನು ಎಸೆದ ರಾಶಿಗೆ ಹಾಕಿದ. ಆಮೇಲೆ, ಯಾರೂ ಹೇಳದೆ, ಅವನ ಬಲಗೈ ತೋರಿಸಿದ ಎಲೆಯನ್ನು ಮಗುಚಿ ಕಟ್ಟಿನ ಮೇಲೆಯೇ ಇಟ್ಟಿತು. ಇಟ್ಟು, ಹೆಬ್ಬೆರಳಿನಿಂದ ಅಂಚನ್ನು ಸರಿಮಾಡಿತು.

ಮೂವರೂ ಆ ಕೈಯನ್ನು ನೋಡಿದರು.

"ಕೈಗೆ ಯಾಕೆ ತಗೊಳ್ಳಲಿಲ್ಲ?" ಸೆಗಾವಾ ಕೇಳಿದ.

"ಎಲೆ ಮೇಲೆ ತಗೋ ಅಂತ ಬರೆದಿಲ್ಲವಲ್ಲ."

"ಇದನ್ನು ಹನ್ನೊಂದು ದಿನ ಯಾಕೆ ಹೇಳಲಿಲ್ಲ?"

ಹಿವಾತರಿ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸಿದ. "ನೀವು ಕೈ ಅಂದ್ರಿ. ನಾನು ಕಟ್ಟಿನ ಮೇಲೆ ಇಟ್ಟೆ ಅಂದ್ರೆ ತೀರ್ಪು ಮೀರಿದೆ ಅಂತ ಆಗುತ್ತೆ. ತೀರ್ಪು ಮೀರಿದವನನ್ನ ಯಾವ ಮೇಜಿಗೂ ಕೂರಿಸಲ್ಲ."

"ಕಳ್ಳ ಅನ್ನಿಸ್ಕೊಂಡ್ರೆ ಕೂರಿಸ್ತಾರಾ, ಪೆದ್ದ?" ಎಂದ ಉಕಿತಾ.

"ಕದ್ದಿಲ್ಲ ಅಂತ ಒಂದಿನ ಗೊತ್ತಾಗುತ್ತೆ ಅಂದ್ಕೊಂಡೆ ತೈಶೋ. ಮೀರಿದ್ದು ಮಾತ್ರ ನಿಜ." ಅವನ ದನಿ ಇಳಿಯಿತು. "ಆಮೇಲೆ ಎಲ್ಲರೂ ಕೈಯಲ್ಲಿತ್ತು, ಕೈಯಲ್ಲಿತ್ತು ಅಂದಾಗ ನನಗೇ ಅನುಮಾನ ಬಂತು. ಇತ್ತೇನೋ. ನನಗೇ ನೆನಪಿಲ್ಲವೇನೋ."

ಸೆಗಾವಾ ಅವನ ಕಣ್ಣು ತಪ್ಪಿಸಿದ. ಆಟ ನೋಡಿದ್ದ ಆರು ಜನ ಸಾಕ್ಷಿಗಳು ಸುಳ್ಳು ಹೇಳಿರಲಿಲ್ಲ. ಅವರು ತಮ್ಮ ಕಣ್ಣನ್ನು ಬಿಟ್ಟು ತೀರ್ಪನ್ನು ನೆನಪಿಟ್ಟುಕೊಂಡಿದ್ದರು.

"ಐದರಲ್ಲಿ ಒಂದು ಹೋದರೆ ನಾಲ್ಕು," ಎಂದ. "ಫೋಟೋ ಸರಿಯಾಗಿದೆ. ತಪ್ಪಿದ್ದು ನನ್ನ ತೀರ್ಪು. ಕೊಕ್ಕರೆ ಇವನ ಕೈಗೆ ಬಂದೇ ಇರಲಿಲ್ಲ. ಆಟ ಮುಗಿದಾಗ ಅದು ಕಟ್ಟಿನ ಮೇಲಿತ್ತು."

"ಹಾಗಾದ್ರೆ ಕಟ್ಟನ್ನು ಮುಟ್ಟಿದವರು..." ಉಕಿತಾ ಶುರುಮಾಡಿದ.

ಕಡ್ಡಿಯನ್ನು ದೊನ್ನೆಯಲ್ಲಿ ಅಡ್ಡವಾಗಿ ಇಟ್ಟ.

ಈ ಅಂಗಡಿಯಲ್ಲಿ ಒಂದು ರೂಢಿಯಿದೆ, ಉಕಿತಾ ಹಾಕಿದ್ದೇ. ಸೋತವರು ಗೆದ್ದವರ ಕಟ್ಟನ್ನು ಜೋಡಿಸಿ, ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಬೇಕು. ತೀರ್ಪಾದ ಎರಡು ನಿಮಿಷಕ್ಕೆ, ಗೆಲ್ಲುವ ಆಟವನ್ನು ಕೈಬಿಟ್ಟು, ಚಿಗುಸಾ ಸೋಲೊಪ್ಪಿದ್ದಳು.

"ಕೊಕ್ಕರೆ ಎಲ್ಲಿಂದ ಬಂದಿತ್ತು ತೈಶೋ?" ಸೆಗಾವಾ ಮೆಲ್ಲಗೆ ಕೇಳಿದ.

"ಡಿಸೆಂಬರಿನಲ್ಲಿ ಒಂದು ಡಬ್ಬ ಹಳೇ ಎಲೆ ಅಂಚೇಲಿ ಬಂತು. ಉತ್ತರದ ಕುಶಿರೊದಿಂದ. ಕಳಿಸಿದವನ ಹೆಸರು ನನಗೆ ಗೊತ್ತಿಲ್ಲದ್ದು. ಚಿಗುಸಾ ಗಂಡ ಇಬುಕಿ ಬಿಡಿಸಿದ ಚಿತ್ರ, ಕೆಳಗೆ ಅವನ ಸಹಿ. ಹಳೇ ಸಹಿ ಅಂದ್ಕೊಂಡೆ. ನನ್ನ ಕಣ್ಣಿಗೆ ಅಷ್ಟು ಸಣ್ಣದು ಎಲ್ಲಿ ಕಾಣುತ್ತೆ?"

ಸೆಗಾವಾ ಪುಸ್ತಕ ಮುಚ್ಚಿದ. ಅದನ್ನು ಒಳಜೇಬಿಗೆ ಸೇರಿಸಿ ಕೋಟಿನ ಗುಂಡಿ ಹಾಕಿಕೊಂಡ.

ಉಕಿತಾ ಅವನತ್ತ ನೋಡಲಿಲ್ಲ. "ಐದು ಗಂಟೆ ಅಂದಿದ್ದೀನಿ. ಯಾರ ಹೆಸರು ಬರೀಬೇಕು ಅಂತ ನೀನೇ ಬಂದು ಹೇಳು. ಹಿವಾತರಿ, ಇಲ್ಲಿ ಬಾ. ಎರಡು ಉಂಡೆ ಉಳಿದಿದೆ, ಆರಿಹೋಗ್ತಿದೆ."

*

ಕರಾಹೊರಿ ಬೀದಿಯ ಇಳಿಜಾರಿನಲ್ಲಿ ಚಿಗುಸಾಳ ಚೌಕಟ್ಟಿನ ಅಂಗಡಿ. ಚಿತ್ರಗಾರ ಗಂಡ ಇಬುಕಿ ತೆರೆದದ್ದು. ಏಳೂವರೆ ವರ್ಷದ ಹಿಂದೆ ಒಂದು ಮಂಗಳವಾರ ಬಣ್ಣ ತರುತ್ತೇನೆಂದು ಹೋದವನು ಮರಳಲಿಲ್ಲ. ಅವಳು ಅಂಗಡಿ ಮುಚ್ಚಲಿಲ್ಲ. ಸೆಗಾವಾ ಸೇರಿ ಮೂವರೂ ಒಂದೇ ಕಾಲೇಜು, ಒಂದೇ ಆಟದ ಮೇಜು. ಪ್ರತಿ ತಿಂಗಳು ಸೆಗಾವಾ ಯಾವುದಾದರೊಂದು ಚಿತ್ರ ತಂದು ಚೌಕಟ್ಟು ಹಾಕಿಸುತ್ತಾನೆ. ಅವನ ಬಾಡಿಗೆ ಕೋಣೆಯಲ್ಲಿ ಗೋಡೆ ಕಾಣದಷ್ಟು ಚೌಕಟ್ಟುಗಳಿವೆ.

ಅವಳು ದಪ್ಪ ರಟ್ಟನ್ನು ಕತ್ತರಿಸುತ್ತಿದ್ದಳು. ತಲೆ ಎತ್ತದೆ, "ಈ ತಿಂಗಳದ್ದು ಬೇಗ ಬಂತು," ಎಂದಳು.

"ಚಿತ್ರ ತಂದಿಲ್ಲ."

ಚಾಕು ರಟ್ಟಿನ ತುದಿಯವರೆಗೂ ಸಾಗಿ ನಿಂತಿತು.

"ಭಾನುವಾರ ಹೊಸಬರಿಗೆ ಆಟ ಕಲಿಸ್ತೀರಲ್ಲ ಚಿಗುಸಾ-ಸಾನ್," ಎಂದ ಸೆಗಾವಾ. "ಮೊದಲ ಪಾಠ ಯಾವುದು?"

"ತಪ್ಪು ಮಾಡಿದ್ರೆ ಕ್ಷಮೆ ಕೇಳೋದು."

"ಎರಡನೇದು?"

ಅವಳು ಚಾಕುವನ್ನು ರಟ್ಟಿನ ಮೇಲಿಟ್ಟಳು.

"ನಾನು ಹಿಂದಿನ ಬೆಂಚಲ್ಲಿ ಕೂತು ಕೇಳಿದ್ದೀನಿ. ಒಂದು ಎಲೆ ಎತ್ತಿ ತೋರಿಸ್ತೀರಿ. ಇದು ಈಗ ಯಾರ ಕೈಯಲ್ಲಿದೆ ಅಂತ ಕೇಳ್ತೀರಿ. ಎಲ್ಲರೂ ನಿಮ್ಮ ಕೈಯಲ್ಲಿ ಅಂತಾರೆ. ಅಲ್ಲ, ಇನ್ನೂ ಕಟ್ಟಿನಲ್ಲೇ ಇದೆ, ನೀವು ಬರೀ ನೋಡ್ತಿದ್ದೀರಿ ಅಂತೀರಿ." ಅವನು ಉಸಿರು ತೆಗೆದುಕೊಂಡ. "ಉತ್ತರ ಗೊತ್ತಿರೋರು ಪ್ರಶ್ನೆ ಯಾಕೆ ಕೇಳಿದ್ರಿ?"

"ನೀವು ಕಂಡುಹಿಡಿದಿರೋದು ಏನು? ಹೇಳಿ."

"ನಾನು ಹೌದು ಅಂತೀನಿ ಅಂತ ನಿಮಗೆ ಗೊತ್ತಿತ್ತು. ಹೌದು ಅಂದ್ರೆ ಎಲ್ಲರೂ ಅವನ ಕೈಯಲ್ಲಿ ಹುಡುಕ್ತಾರೆ, ಕಟ್ಟಿನಲ್ಲಿ ಹುಡುಕಲ್ಲ. ನನ್ನ ತೀರ್ಪನ್ನು ಬಾಗಿಲ ಹಾಗೆ ತೆರೆದು ನೀವು ಹೊರಗೆ ಹೋದ್ರಿ."

ಚಿಗುಸಾ ನಕ್ಕಳು. ಸಂತೋಷದ ನಗುವಲ್ಲ, ಸಿಟ್ಟಿನದೂ ಅಲ್ಲ.

"ಹದಿನಾರು ವರ್ಷ ತೀರ್ಪು ಹೇಳಿದ್ದೀರಿ, ಇಷ್ಟೂ ಹೊಳೀಲಿಲ್ವಾ? ತೀರ್ಪು ಕೇಳಿದ್ರೆ ಏನಾಗುತ್ತೆ ಸೆಗಾವಾ-ಸಾನ್?"

"ಆಟ ನಿಲ್ಲುತ್ತೆ."

"ಎಲೆ?"

ಅವನಿಗೆ ಆಗ ಅರ್ಥವಾಯಿತು. ತೀರ್ಪು ಬರುವವರೆಗೆ ಮೇಜಿನ ಮೇಲಿನ ಯಾವುದನ್ನೂ ಮುಟ್ಟುವಂತಿಲ್ಲ. ತೋರಿಸಿದ ಎಲೆ ತೋರಿಸಿದಂತೆಯೇ ಇರಬೇಕು.

"ಹಿವಾತರಿ ಕೈ ಬಲು ಚುರುಕು," ಎಂದಳು ಅವಳು. "ಮೂರು ಎಣಿಸೋದ್ರೊಳಗೆ ಮಗುಚಿಬಿಡ್ತಾನೆ. ನನಗೆ ಅದನ್ನ ಇನ್ನೊಂದು ಸ್ವಲ್ಪ ಹೊತ್ತು ನೋಡಬೇಕಿತ್ತು. ಬಾಯಿಗೆ ಬಂದ ಪ್ರಶ್ನೆ ಕೇಳಿದೆ. ನೀವು ಪುಸ್ತಕ ತೆಗೀತೀರಿ, ಪುಟ ಹುಡುಕ್ತೀರಿ, ಇಲ್ಲ ಅಂತೀರಿ. ಅಷ್ಟು ಹೊತ್ತು ಸಿಕ್ಕರೆ ಸಾಕಾಗಿತ್ತು. ನೀವು ಪುಸ್ತಕಾನೇ ತೆಗೀಲಿಲ್ಲ. ತಟ್ಟಂತ ಹೌದು ಅಂದ್ರಿ."

ಹೊರಗೆ ಸೈಕಲ್ಲೊಂದು ಇಳಿಜಾರಿನಲ್ಲಿ ಗಂಟೆ ಬಾರಿಸುತ್ತ ಹೋಯಿತು.

"ಯಾಕೆ ಹೌದು ಅಂದ್ರಿ?"

ಅವಳ ಕಣ್ಣು ಅಂದು ಒದ್ದೆಯಾಗಿತ್ತು. ಆ ಕಣ್ಣಿಗೆ ಬೇಕಾದ ಉತ್ತರ ಹೌದು ಎಂದೇ ಇರಬೇಕೆಂದು ಅವನು ತಿಳಿದಿದ್ದ. ಅದನ್ನು ಹೇಳಲು ಸೆಗಾವಾನಿಗೆ ಒಂದು ವಾಕ್ಯ ಸಾಕಾಗುತ್ತಿತ್ತು.

"ತಪ್ಪಾಯಿತು," ಎಂದ.

"ತಪ್ಪಾಯಿತು," ಎಂದಳು ಅವಳೂ, ಅವನ ದನಿಯಲ್ಲೇ. "ಆಮೇಲೆ ಕಟ್ಟು ನನ್ನ ಕೈಯಲ್ಲಿತ್ತು. ಮೇಲಿನ ಎಲೆ ಯಾವುದು ಅಂತ ಗೊತ್ತಿತ್ತು. ಯಾರೂ ಅಲ್ಲಿ ಹುಡುಕಲ್ಲ ಅಂತಾನೂ ಗೊತ್ತಾಗಿತ್ತು. ಅದಕ್ಕೆ ನಾನು ಹೊಣೆ. ಹಿವಾತರಿ ಬೂಟು ಬಿಚ್ಚಿಸಿದಾಗ ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಅದಕ್ಕೂ ನಾನೇ."

ಅವಳು ಗೋಡೆಯಿಂದ ಒಂದು ಸಣ್ಣ ಚೌಕಟ್ಟನ್ನು ಇಳಿಸಿದಳು. ಒಳಗೆ ಯಾವುದೋ ಹೂವಿನ ಅಚ್ಚುಚಿತ್ರ. ಬೆನ್ನಿನ ಮೊಳೆ ತೆಗೆದು, ರಟ್ಟಿನ ಹಿಂದಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಎಲೆಯನ್ನು ಎಳೆದಳು. ಅವನ ಕೈಗೆ ಕೊಡಲಿಲ್ಲ. ತನ್ನ ಎರಡು ಬೆರಳಿನ ನಡುವೆ ಹಿಡಿದು ತೋರಿಸಿದಳು.

ಜೊಂಡಿನ ನಡುವೆ ಕೊಕ್ಕರೆ, ಒಂದು ಕಾಲ ಮೇಲೆ ನಿಂತದ್ದು. ಇಬುಕಿ ಸಹಿ ಮಾಡುವಾಗ ತಾರೀಖನ್ನು ಜೊಂಡಿನ ಎಸಳಿನಂತೆ ನಿಲ್ಲಿಸಿ ಬರೆಯುತ್ತಿದ್ದ. ಗೊತ್ತಿಲ್ಲದವರಿಗೆ ಅದು ಹುಲ್ಲಿನ ಗೆರೆ.

ಸೆಗಾವಾ ಬಗ್ಗಿ ಓದಿದ. ಕಳೆದ ವರ್ಷ. ಅಕ್ಟೋಬರ್.

"ಅವನದೇ ಕೈ," ಎಂದಳು ಚಿಗುಸಾ. "ಏಳರ ಬಾಲವನ್ನ ಯಾರು ಹಾಗೆ ಎಳೀತಾರೆ?"

ಮೇಜಿನ ಖಾನೆಯಿಂದ ಅವಳು ಒಂದು ಕಾಗದ ತೆಗೆದು ಬಿಚ್ಚಿದಳು. ಕುಟುಂಬ ನ್ಯಾಯಾಲಯದ ಪ್ರಕಟಣೆ. ಏಳು ವರ್ಷ ಸುದ್ದಿಯಿಲ್ಲದವನನ್ನು ಮೃತನೆಂದು ಸಾರಲು ಅತ್ತೆ ಬೇಸಿಗೆಯ ಕೊನೆಯಲ್ಲಿ ಅರ್ಜಿ ಹಾಕಿದ್ದರು; ಚಿಗುಸಾ ಕೆಳಗೆ ಒಪ್ಪಿಗೆಯ ಮುದ್ರೆ ಒತ್ತಿದ್ದಳು. ಅವನು ಬದುಕಿರುವುದನ್ನು ತಿಳಿದವರು ಮಾರ್ಚ್ ಹತ್ತರೊಳಗೆ ತಿಳಿಸಬೇಕು. ಇನ್ನು ಹದಿನಾಲ್ಕು ದಿನ.

"ಅದು ಮುಗಿದ್ರೆ ಕಾಗದದ ಮೇಲೆ ಅವನು ಸತ್ತ ಹಾಗೆ," ಎಂದಳು. "ಈ ಎಲೆ ಹಿಡ್ಕೊಂಡು ವಕೀಲರ ಹತ್ರ ಹೋಗಿದ್ದೆ. ತಾರೀಖು ಯಾರು ಬೇಕಾದ್ರೂ ಗೀಚಬಹುದಮ್ಮಾ ಅಂದ್ರು. ಇನ್ನೊಂದು ಸಾಕ್ಷಿ ಇದೆಯಾ ಅಂದ್ರು. ಒಂದು ಕಾಗದ, ಒಂದು ಫೋನು. ಅವನ ಕೈಬರಹ ಇರೋ ಏನಾದ್ರೂ."

"ಅವನು ಬರಬೇಕು ಅಂತ ನಿಮಗೆ..."

"ಬರೋದು ಬೇಡ." ಅವಳು ಬೇಗ ಹೇಳಿದಳು. ಆಮೇಲೆ ನಿಧಾನವಾಗಿ, "ಬರೋದು ಬೇಡ. ಎಲ್ಲೋ ಇದ್ದಾನೆ, ಚಳೀಲಿ ಕೋಟು ಹಾಕ್ಕೊಂಡಿದ್ದಾನೆ, ಊಟ ಮಾಡ್ತಾನೆ ಅಂತ ಗೊತ್ತಾದ್ರೆ ಸಾಕು. ಇದ್ದವನನ್ನ ಸತ್ತ ಅಂತ ಬರೆಸೋಕೆ ಮುದ್ರೆ ಒತ್ತಿದ್ದೀನಲ್ಲ, ಆ ಕೈಯನ್ನ ಎಲ್ಲಿ ಇಟ್ಕೊಳ್ಳಲಿ?"

ಸೆಗಾವಾ ಏಳೂವರೆ ವರ್ಷ ಈ ಮೇಜಿನ ಈಚೆ ನಿಂತಿದ್ದ. ಮಾರ್ಚ್ ಹತ್ತು ಅವನ ಕೋಣೆಯ ಕ್ಯಾಲೆಂಡರಿನಲ್ಲೂ ಇತ್ತು. ಅದರ ಸುತ್ತ ಅವನು ಗುರುತು ಹಾಕಿರಲಿಲ್ಲ, ಅಷ್ಟೇ.

ಅವಳು ಎಲೆಯನ್ನು ಒಂದು ಲಕೋಟೆಯೊಳಗೆ ಇಳಿಸಿದಳು. ಗೂಟದಿಂದ ಕೋಟು ತೆಗೆದು ತೋಳು ಹಾಕಿದಳು.

"ಐದರೊಳಗೆ ತೈಶೋ ಕೈಗೆ ಇದನ್ನ ಕೊಡ್ತೀನಿ. ಚೌಕಿಗೆ ಕೊಡೋ ಕಾಗದದಲ್ಲಿ ನನ್ನ ಹೆಸರೇ ಬರೀಲಿ. ಹಿವಾತರಿ ಮುಂದೆ ನೆಲಕ್ಕೆ ತಲೆ ಇಡ್ತೀನಿ. ನೀವು ಪಕ್ಕದಲ್ಲಿ ನಿಂತ್ಕೊಳ್ಳಿ, ಸಾಕು."

"ನಿಂತ್ಕೋತೀನಿ. ನನ್ನದೂ ಪಾಲಿದೆ."

"ಅದಕ್ಕೂ ಮುಂಚೆ ಒಂದು ಮಾತು." ಬಾಗಿಲ ಬಳಿ ಅವಳು ತಿರುಗಿದಳು. ಅಂದು ಮೇಜಿನಾಚೆಯಿಂದ ನೋಡಿದಂತೆಯೇ ನೋಡಿದಳು. "ಈ ಎಲೆ ಇದ್ದ ಡಬ್ಬ ಕುಶಿರೊದಿಂದ ಬಂದಿದ್ದಂತೆ. ಅಲ್ಲಿ ನಮಗೆ ಯಾರೂ ಇಲ್ಲ. ಅವನಿಗೆ ನಿಮಗಿಂತ ಹತ್ತಿರದವರು ಯಾರೂ ಇರಲಿಲ್ಲ. ನನಗೆ ಬರೀದೆ ಇರಬಹುದು. ನಿಮಗೆ ಒಂದು ಸಾಲಾದ್ರೂ, ಯಾವಾಗಲಾದ್ರೂ?"

ಒಳಜೇಬಿನಲ್ಲಿ ನಿಯಮಪುಸ್ತಕದ ಭಾರ ಅವನ ಎದೆಗೆ ತಾಗುತ್ತಿತ್ತು. ತೀರ್ಪು ಕೇಳಿದ ಮೇಲೆ ಯಾರೂ ಏನನ್ನೂ ಕದಲಿಸುವಂತಿಲ್ಲ. ಅವಳು ಕದಲಲಿಲ್ಲ. ಗೋಡೆಯ ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು.

"ಹೊತ್ತಾಯಿತು," ಎಂದ ಸೆಗಾವಾ. "ಹೊರಡೋಣ."

ಆಮೇಲೆ ಅವಳ ನೋಟ ಅವನ ಮುಖದಿಂದ ಇಳಿದು, ಅವನ ಕೈಯ ಮೇಲೆ ನಿಂತಿತು. ಆ ಕೈ ಕೋಟಿನ ಮೇಲಿನಿಂದಲೇ ಪುಸ್ತಕವನ್ನು ಒತ್ತಿ ಹಿಡಿದಿತ್ತು. ತನ್ನ ಕೈ ಅಲ್ಲಿದೆಯೆಂದು ಅವನಿಗೆ ಗೊತ್ತಾದದ್ದೂ ಆಗಲೇ.

"ಆವತ್ತೂ ನೀವು ಪುಸ್ತಕ ತೆಗೀಲಿಲ್ಲ," ಎಂದಳು ಚಿಗುಸಾ. ಕೈ ಮುಂದೆ ಚಾಚಿದಳು. "ಕೊಡಿ ನೋಡೋಣ."

ನಾಲ್ಕು ವರ್ಷದ ಹಿಂದೆ ಕುಶಿರೊದಿಂದ ಇಬುಕಿಯ ಕೈಬರಹದಲ್ಲಿ ಅವನಿಗೊಂದು ಅಂಚೆಕಾರ್ಡು ಬಂದಿತ್ತು. ಚಿಗುಸಾ ಹೇಗಿದ್ದಾಳೆ ಎಂದು ಅದರಲ್ಲಿ ಕೇಳಿದ್ದ. ಆ ಕಾರ್ಡು ಈ ಪುಸ್ತಕದ ಹಿಂಬದಿಯ ಪುಟಗಳ ನಡುವೆಯೇ ಇತ್ತು. ಅದನ್ನು ಅವನು ಅವಳಿಗೆ ಎಂದೂ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ.